ಸೋರಿಕೆ ಕಂಡರಾಗದ ನಲ್ಲಿ ಮಾವ

ನಮ್ಮ ಬೀದಿಯ ಪ್ಲಂಬರನಿಗೆ ಎಲ್ಲರ ಬಾಯಲ್ಲೂ ನಲ್ಲಿ ಮಾವ ಎಂದೇ ಹೆಸರು. ಹೊಸ ಮನೆಗೆ ಕೆಲಸಕ್ಕೆ ಹೋದರೆ ಚೀಲ ಇಳಿಸುವ ಮೊದಲೇ, "ನಂಗೆ ಎಚ್‌ಐವಿ ಇದೆ. ನಲ್ಲಿ ಮುಟ್ಟಿದ್ರೆ ಅಂಟಲ್ಲ. ಬೇಡ ಅಂದ್ರೆ ಸೋರೋದು ನಿಮ್ಮನೆ!" ಎಂದು ಬಾಗಿಲಲ್ಲೇ ಗುಡುಗುತ್ತಾನೆ. ಕೂಡಿಸಿದ ಪೈಪನ್ನು ಬರಿಗಣ್ಣಲ್ಲಿ ನೋಡಿ ನಂಬುವ ಆಸಾಮಿಯಲ್ಲ. ಟಿಶ್ಯೂ ಕಾಗದ ಸುತ್ತಿ, ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು, ಕಾಗದ ಒಣಗಿಯೇ ಇದ್ದರೆ ಮಾತ್ರ ಏಳುತ್ತಾನೆ. ಇಂಥವನಿಗೆ ಮೊನ್ನೆ ಡಾಕ್ಟರಮ್ಮ, ಮಾತ್ರೆಯಿಂದ ವೈರಸ್ಸೇನೋ ಹತೋಟಿಗೆ ಬಂದಿದೆ, ಆದರೆ ಅದು ಹಿಂದೆಯೇ ಕೆಡಿಸಿಟ್ಟ ಕರುಳಿನ ಗೋಡೆಯಿಂದ ಬ್ಯಾಕ್ಟೀರಿಯಾ ಚೂರುಗಳು ರಕ್ತಕ್ಕೆ ಜಿನುಗುತ್ತಿವೆ, ಅದಕ್ಕೇ ಮೈಯ ಕಾವಲುಪಡೆ ಒಂದು ಗಳಿಗೆಯೂ ಆಯುಧ ಕೆಳಗಿಡುತ್ತಿಲ್ಲ, ಪೂರ್ತಿ ಮುಚ್ಚುವ ಮದ್ದು ಇನ್ನೂ ಬಂದಿಲ್ಲ ಎಂದರಂತೆ. ಮಾವನಿಗೆ ರೋಗಕ್ಕಿಂತ ಕಸುಬಿಗಾದ ಅವಮಾನವೇ ಹೆಚ್ಚಾಯಿತು. "ಊರ ಪೈಪೆಲ್ಲ ಬಿಗಿ ಮಾಡಿದೋನ ಒಳಗೇ ಲೀಕಾ?" ಎಂದು ಮೂರು ದಿನ ಹಾರಾಡಿದ. ನಾಲ್ಕನೆಯ ದಿನ ಮಾತ್ರೆ ತರಲು ಹೋದಾಗ, ಎಚ್‌ಐವಿ ಇದೆಯೆಂಬ ವರದಿ ಅಂದೇ ಕೈಗೆ ಬಂದಿದ್ದ ಹುಡುಗಿಯೊಬ್ಬಳು ಕ್ಲಿನಿಕ್ಕಿನ ಬೆಂಚಿನ ಮೇಲೆ ಅಳುತ್ತಿದ್ದಳು. ಮಾವ ಚೀಲದಿಂದ ಟಿಶ್ಯೂ ತೆಗೆದು ಅವಳ ಕೈಗಿತ್ತ. "ಒರೆಸ್ಕೋ ತಾಯಿ. ನಾನು ಹದಿನೆಂಟು ವರ್ಷದಿಂದ ಸೋರ್ತಾನೇ ಇದೀನಿ. ಇನ್ನೂ ಖಾಲಿಯಾಗಿಲ್ಲ."