ಹಗುರಾದ ಲಿವರ್

ರೈಲ್ವೆ ಯಾರ್ಡಿನವರು ಅವನಿಗೆ ಗೊಣಗಪ್ಪ ಎಂದೇ ಹೆಸರಿಟ್ಟಿದ್ದರು. ಪಾಯಿಂಟ್ಸ್‌ಮನ್ ಆದವನು ಗೊಣಗದೆ ಇನ್ನೇನು ಮಾಡಬೇಕು ಹೇಳಿ! ಹಳಿ ಕವಲೊಡೆಯುವ ಕಡೆ ಎರಡು ಚೂಪು ಕಂಬಿಗಳಿರುತ್ತವೆ. ಲಿವರ್ ಎಳೆದರೆ ಎರಡೂ ಜೊತೆಯಾಗಿ ಸರಿದು, ಒಂದು ಪಕ್ಕದ ಹಳಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ದೂರ ನಿಲ್ಲುತ್ತದೆ. ಅಂಟಬೇಕಾದದ್ದು ಬೆರಳು ತೂರುವಷ್ಟು ಬಿಟ್ಟುಕೊಂಡರೂ ಮುಗಿಯಿತು, ಚೂಪು ತುದಿಗೆ ಎದುರಾಗಿ ಬಂದ ರೈಲಿನ ಚಕ್ರ ಒಂದು ದಾರಿ, ಡಬ್ಬಿ ಒಂದು ದಾರಿ. ಅದಕ್ಕೇ ಗೊಣಗಪ್ಪ ಲಿವರ್ ಎಳೆದ ಮೇಲೂ ಹೋಗಿ ಬಗ್ಗಿ ನೋಡುತ್ತಿದ್ದ.

ಅಳಿಯ ಅದೇ ಯಾರ್ಡಿನಲ್ಲಿ ಡಬ್ಬಿಗಳನ್ನು ಹಿಂದೆ ಮುಂದೆ ಸರಿಸುವ ಶಂಟಿಂಗ್ ಡ್ರೈವರ್. ಒಳ್ಳೆಯವನೇ, ಆದರೆ ಆಟಿಕೆ ರೈಲಿನ ಹುಚ್ಚು. ಮನೆಯ ಊಟದ ಮೇಜನ್ನೆಲ್ಲ ಅದರ ಹಳಿಗಳೇ ನುಂಗಿದ್ದವು. ಆ ಪುಟ್ಟ ಪಾಯಿಂಟುಗಳಿಗೆ ಸ್ಪ್ರಿಂಗ್ ಇತ್ತು. ದಾರಿ ತಪ್ಪಾಗಿದ್ದರೂ ಹಿಂದಿನಿಂದ, ಅಂದರೆ ಕವಲಿನ ಕಡೆಯಿಂದ, ಬಂದ ಗಾಡಿ ಕಂಬಿಯನ್ನು ತಳ್ಳಿಕೊಂಡು ದಾಟುತ್ತಿತ್ತು, ಕಂಬಿ ತಾನಾಗಿ ಸ್ವಸ್ಥಾನಕ್ಕೆ ಮರಳುತ್ತಿತ್ತು.

ಆ ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಮಗಳು ಚಿಕ್ಕಮ್ಮನ ಮನೆಯಿಂದ ಮರಳುವವಳಿದ್ದಳು. ಗೊಣಗಪ್ಪ ಯಾರ್ಡಿನ ತನ್ನ ತುದಿಯ ಲಿವರ್ ಎಳೆದ. ಅದು ಬೆಣ್ಣೆಯಂತೆ ಹಗುರವಾಗಿ ಬಂತು. ಸರಿಯಿದ್ದರೆ ಅದು ಅಷ್ಟು ಹಗುರವಾಗಿ ಬರುವುದೇ ಇಲ್ಲ. ಬಗ್ಗಿ ನೋಡಿದರೆ ಕಂಬಿಯನ್ನು ಸರಿಸುವ ರಾಡು ಬಾಗಿದೆ, ಕಂಬಿ ಹಳಿಗೆ ಅಂಟಿಲ್ಲ.

ಅಳಿಯನನ್ನು ಕೂಗಿ ಕರೆದ. "ನೀನೇ ತಾನೆ ಹಿಂದಿನಿಂದ ಎಂಜಿನ್ ನುಗ್ಗಿಸಿದ್ದು?"

"ಸ್ವಲ್ಪ ಅವಸರ ಆಯ್ತು ಮಾವ. ದಾಟ್ಕೊಂಡು ಬಂತಲ್ಲ ಅಂತ ಸುಮ್ನಾದೆ."

"ದಾಟೋದೇನೋ ದಾಟುತ್ತೆ. ಇದಕ್ಕೆ ಸ್ಪ್ರಿಂಗ್ ಇಲ್ಲ ಕಣಯ್ಯ, ಬಾಗಿದ್ದು ಬಾಗಿದ್ದೇ! ಪುಣ್ಯಕ್ಕೆ ಈ ಕಡೆಯಿಂದ ಈಗ ಯಾವ ಗಾಡೀನೂ ಬರ್ತಿಲ್ಲ."

ಅಳಿಯನ ಕಣ್ಣು ಯಾರ್ಡಿನ ಇನ್ನೊಂದು ತುದಿಯತ್ತ ಹೊರಳಿತು.

"ಇನ್ನೆಲ್ಲಿ ಹೀಗೆ ಮಾಡಿದ್ದೀಯ? ಬಾಯಿ ಬಿಡು!"

"ಆ ತುದೀಲೂ ಹೀಗೇ ಬಂದೆ ಮಾವ. ಈಗ ಸ್ವಲ್ಪ ಹೊತ್ತಿನ ಮುಂಚೆ."

ಪ್ಯಾಸೆಂಜರ್ ಒಳಬರುವುದು ಆ ತುದಿಯಿಂದಲೇ. ಅಲ್ಲಿ ಲಿವರ್ ಎಳೆಯುವವನು ಹೊಸಬ, ಹಗುರವಾಗಿ ಬಂದರೆ ಯಾರೋ ಎಣ್ಣೆ ಚೆನ್ನಾಗಿ ಹಾಕಿದ್ದಾರೆಂದು ಖುಷಿಪಡುವ ಆಸಾಮಿ. ಗೊಣಗಪ್ಪ ಕತ್ತೆತ್ತಿ ನೋಡಿದ. ಗಾಡಿ ಒಳಬರಬಹುದೆಂಬ ಸಿಗ್ನಲ್ ಆಗಲೇ ಬಿದ್ದಿತ್ತು. ಮರಗಳಾಚೆ ಗಾಡಿ ಶಿಳ್ಳೆ ಹಾಕಿತು. ಅವನು ಕೆಂಪು ಬಾವುಟಕ್ಕೆ ತಡಕಾಡತೊಡಗಿದ.

"ಅವಳು ಯಾವಾಗ್ಲೂ ಎಂಜಿನ್ ಪಕ್ಕದ ಡಬ್ಬೀಲೇ ಕೂರೋದು ಮಾವ," ಎಂದ ಅಳಿಯ.

ಬಾವುಟಕ್ಕೂ ಕಾಯದೆ, ಬರಿಗೈಗಳನ್ನು ಮೇಲೆತ್ತಿಕೊಂಡು, ಅಳಿಯ ಹಳಿಗಳ ನಡುವೆಯೇ ಗಾಡಿಗೆ ಎದುರಾಗಿ ಓಡಿದ.