ಗಂಜಿ ಹಚ್ಚಿದ ಕೊನೆಯ ಪುಟಗಳು

1962ನೇ ಇಸವಿ ಜನವರಿ 7, ಭಾನುವಾರ, ಮಧ್ಯಾಹ್ನ ಎರಡೂವರೆ ಗಂಟೆ. ಯಲಹಂಕದ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಕೂತು ಅತ್ತೆಗೆ ಒಂದು ಕಾದಂಬರಿ ಓದಿ ಹೇಳಲು ಶುರುಮಾಡಿದೆ. ಯಾವ ಪುಸ್ತಕ ಯಾವತ್ತು ಹಿಡಿದೆ, ಯಾವತ್ತು ಮುಗಿಸಿದೆ ಎಂದು ದಿನಚರಿಯಲ್ಲಿ ಬರೆದಿಡುವುದು ನನ್ನ ರೂಢಿ. ಎರಡು ವರ್ಷ ಕಳೆದರೂ ಈ ಕಾದಂಬರಿಯ ಎದುರಿಗೆ 'ಮುಗಿದದ್ದು' ಎಂಬ ಜಾಗ ಖಾಲಿಯಾಗಿಯೇ ಇದೆ.

ದಿನಚರಿಯಲ್ಲಿ ಇನ್ನೊಂದು ಲೆಕ್ಕವಿದೆ, ಹೇಸಿಗೆಯ ಲೆಕ್ಕ. ಅದರ ಹಿಂದಿನ ವರ್ಷ ಯಶವಂತಪುರದ ಬಾಡಿಗೆ ಪುಸ್ತಕದಂಗಡಿಯಿಂದ ತರಿಸಿಕೊಂಡ ಮೂವತ್ತೊಂದು ಕಾದಂಬರಿಗಳಲ್ಲಿ ಹತ್ತೊಂಬತ್ತಕ್ಕೆ ಎಂಜಲು ಹತ್ತಿತ್ತು. ಬೆರಳು ನೆಕ್ಕಿ ತಿರುವಿದ ಕಲೆ, ಎಲೆಯಡಿಕೆಯ ಸುಣ್ಣ ಒರೆಸಿದ ಗುರುತು, ಒಂದರಲ್ಲಂತೂ ಸಾರಿನಿಂದ ತೆಗೆದಿಟ್ಟ ಕರಿಬೇವು, ಒಣಗಿ ಅಕ್ಷರಗಳ ಮೇಲೇ ಅಂಟಿಕೊಂಡಿತ್ತು. ಹೆಂಗಸೊಬ್ಬಳು ತನ್ನ ಪಾಡಿಗೆ ತಾನು ಏನಾದರೊಂದು ನಿರ್ಧಾರ ಮಾಡುವ, ಕೊನೆಯಲ್ಲಿ ಯಾರೂ ಬುದ್ಧಿ ಹೇಳದ ಕಾದಂಬರಿಗಳೆಂದರೆ ನನಗೆ ಪ್ರಾಣ. ಅವನ್ನೂ ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದೇ ಓದಿದವಳು ನಾನು.

ಮನೆಯಲ್ಲೂ ಇದೇ ಹಾಡು. ಒಳಗೆ ಬಂದ ಪುಸ್ತಕವನ್ನು ಮೊದಲು ಓದುವವರು ದೊಡ್ಡಪ್ಪ. ಅವರಿಗೆ ನಶ್ಯದ ಚಟ. ಅವರು ಓದಿದ ಹಾಳೆಯ ಕೆಳಮೂಲೆಯಲ್ಲಿ ಕಂದು ಹೆಬ್ಬೆರಳು ಒತ್ತಿರುತ್ತದೆ.

ಅತ್ತೆಗೆ ಓದಲು ಹಿಡಿದ ಆ ಕಾದಂಬರಿ ಅಂಗಡಿಯದಲ್ಲ. ಪಕ್ಕದ ಮನೆಯಲ್ಲಿದ್ದ ರೈಲ್ವೆಯವರ ಹೆಂಡತಿ ಯಾವುದೋ ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿ, ದಬ್ಬಣದಲ್ಲಿ ಹೊಲಿದು ಇಟ್ಟುಕೊಂಡಿದ್ದರು. ಗಂಡನಿಗೆ ವರ್ಗವಾದಾಗ ಆ ಕಟ್ಟನ್ನು ಅತ್ತೆಗೆ ಕೊಟ್ಟುಹೋದರು. ಮೊದಲ ಹಾಳೆ ಹರಿದುಹೋಗಿತ್ತು. ಹಾಗಾಗಿ ಕಾದಂಬರಿಯ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆಗ ತಂದ ತಗಡಿನ ಪೆಟ್ಟಿಗೆ ಈಗಲೂ ಅವರ ಮಂಚದ ಕೆಳಗಿದೆ. ಕಣ್ಣಿಗೆ ಪೊರೆ ಬಂದು ಓದಲಾಗದೆ ನನ್ನನ್ನು ಕರೆದಿದ್ದರು. ಕಥೆಯಲ್ಲೂ ಒಬ್ಬ ವಿಧವೆ. ಭಾವನ ಮನೆಯಲ್ಲಿ ಬೇಯಿಸಿ ಹಾಕಿ ಸಾಕಾಗಿ, ಒಂದು ಬೆಳಿಗ್ಗೆ ಹಸಿರು ಪೆಟ್ಟಿಗೆ ಹಿಡಿದು ಸ್ಟೇಷನ್ನಿನ ಬೆಂಚಿನ ಮೇಲೆ ಬಂದು ಕೂರುತ್ತಾಳೆ. ಅಲ್ಲಿಗೆ ನಾನು ಓದು ನಿಲ್ಲಿಸಿದೆ.

"ಯಾಕೇ, ಗಂಟಲು ಕಟ್ತೇನೇ?" ಎಂದರು ಅತ್ತೆ, ಮೊರದ ತುಂಬ ನೆನೆಸಿದ ಅವರೆಕಾಳು ಹಿಸುಕುತ್ತ.

"ಮುಂದಿನ ಹಾಳೆಗಳು ಬಿಡಿಸೋಕೆ ಬರ್ತಿಲ್ಲ ಅತ್ತೆ. ಹಲಗೆ ಆಗಿವೆ."

ನಡುಮನೆಯಿಂದ ದೊಡ್ಡಪ್ಪನ ದನಿ ಬಂತು. "ಬಿಡಿಸ್ಬೇಡ. ನಾನೇ ಅಂಟಿಸಿದ್ದು. ಹೆಣ್ಮಕ್ಕಳಿರೋ ಮನೆ. ಕೊನೇಲಿ ಬರೆದಿರೋದು ಸರಿಯಿಲ್ಲ."

"ಸರಿಯಿಲ್ಲ ಅಂತ ನಿಂಗೆ ಹೆಂಗ್ ಗೊತ್ತಾಯ್ತಣ್ಣ?" ಎಂದು ಅತ್ತೆ ಕೇಳಿದರು.

"ಓದಿದೆ."

"ಓದಿ ನೀನು ಕೆಡಲಿಲ್ವಲ್ಲ. ಇಲ್ಲಾ ಕೆಟ್ಟಿದೀಯೋ, ನಮಗೇ ತಿಳೀಲಿಲ್ವೋ?"

ದೊಡ್ಡಪ್ಪ ಸೀನಿದರು.

ಅವರು ಚಿಕ್ಕಜಾಲಕ್ಕೆ ಹೋದ ದಿನ ಇಡ್ಲಿ ಪಾತ್ರೆಯ ಹಬೆಗೆ ಕಟ್ಟನ್ನು ಹಿಡಿದೆ. ಬೈಂಡು ಮಾಡುವವರು ಹುಳು ಹತ್ತದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ದೊಡ್ಡಪ್ಪ ಹಚ್ಚಿದ್ದು ಬರೀ ಅಡುಗೆಮನೆಯ ಗಂಜಿ. ಹಬೆಗೆ ಅದು ಕರಗಿ, ಹುಳಿತ ಅನ್ನದ ನಾತ ಎದ್ದಿತು. ಹೊಲಿಗೆಯ ಸಂದಿನಿಂದ ಜಿರಲೆ ಮರಿಗಳು ಬುಳುಬುಳು ಹೊರಟು ನನ್ನ ಮುಂಗೈ ಮೇಲೆ ಹರಿದವು. ಹಾಳೆಗಳ ನಡುವೆ ಹುರುಳಿಕಾಳಿನಂಥ ಮೊಟ್ಟೆಗೂಡುಗಳು, ಮೆಣಸಿನಪುಡಿ ಉದುರಿಸಿದ ಹಾಗೆ ಹಿಕ್ಕೆ. ಬಚ್ಚಲಿಗೆ ಓಡಿ ಕಾರಿಕೊಂಡೆ.

"ಕಾರ್ಕೊಂಡಾಯ್ತಾ? ಬಾ, ಓದು," ಎಂದರು ಅತ್ತೆ.

ಓದಲು ಏನೂ ಉಳಿದಿರಲಿಲ್ಲ. ಜಿರಲೆಗಳು ಗಂಜಿಯ ಜೊತೆಗೆ ಅಕ್ಷರಗಳನ್ನೂ ತಿಂದು ಹಾಳೆಗಳನ್ನು ಜರಡಿ ಮಾಡಿದ್ದವು. ಇಡಿಯಾಗಿ ಉಳಿದದ್ದು ಕೆಳಮೂಲೆಗಳು ಮಾತ್ರ, ದೊಡ್ಡಪ್ಪನ ನಶ್ಯದ ಹೆಬ್ಬೆರಳು ಬಿದ್ದ ಜಾಗ. ಜಿರಲೆಗೂ ಅದು ಅಸಹ್ಯವಾಗಿತ್ತು. ಕೊನೆಯ ಪುಟದವರೆಗೂ ಆ ಹೆಬ್ಬೆರಳಿತ್ತು. ಅವರು ಒಂದು ಹಾಳೆಯನ್ನೂ ಬಿಟ್ಟಿರಲಿಲ್ಲ. ಒಂದು ಮೂಲೆಯಲ್ಲಿ ಇಷ್ಟು ಓದಲು ಸಿಕ್ಕಿತು: 'ಗಾಡಿ ಬಂದು ನಿಂತಿತು. ಅವಳು ಪೆಟ್ಟಿಗೆಯನ್ನು...' ಆಮೇಲೆ ತೂತು.

"ಎತ್ಕೊಂಡಳೇನೇ?" ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತ್ತು.

"ಗೊತ್ತಾಗ್ತಿಲ್ಲ ಅತ್ತೆ."

ಸಂಜೆ ದೊಡ್ಡಪ್ಪ ಬಂದಾಗ ನೇರವಾಗಿ ಕೇಳಿದೆ. "ಅವಳು ಗಾಡಿ ಹತ್ತಿದಳಾ, ವಾಪಸ್ ಹೋದಳಾ? ಅದಷ್ಟು ಹೇಳಿ."

ಅವರು ಡಬ್ಬಿ ತೆಗೆದು ಚಿಟಿಕೆ ಏರಿಸಿದರು. "ಯಾರಿಗೆ ನೆನಪಿದೆ? ಸರಿಯಿಲ್ಲ ಅನ್ನೋದಷ್ಟೇ ನೆನಪು."

ಜಿರಲೆಗಿಂತ ಆ ಮಾತಿಗೆ ನನಗೆ ಹೆಚ್ಚು ಹೇಸಿಗೆಯಾಯಿತು. ನಮ್ಮಿಂದ ಮುಚ್ಚಿಟ್ಟದ್ದನ್ನು ತಾವಾದರೂ ನೆನಪಿಟ್ಟುಕೊಳ್ಳುವಷ್ಟು ಮರ್ಯಾದೆ ಅವರು ಅದಕ್ಕೆ ಕೊಟ್ಟಿರಲಿಲ್ಲ.

ಹತ್ತಿದಳು ಎಂದುಕೊಳ್ಳೋಣ ಎಂದು ಅತ್ತೆಗೆ ಹೇಳಿನೋಡಿದೆ. "ನೀನು ಕಟ್ಟಿ ಹೇಳ್ಬೇಡ ಕಣೇ, ಬರೆದಿರೋದೇ ಬೇಕು," ಎಂದರು. ಈಗಲೂ ಸಂಜೆ ಗಾಡಿ ಕೂಗಿದಾಗ ಕೇಳುತ್ತಾರೆ, ಆ ಕೊನೆ ಓದಿದವರು ಯಾರಾದರೂ ಸಿಕ್ಕರೇನೇ ಎಂದು.

ಆದ್ದರಿಂದ ಇದನ್ನು ಓದುವವರಲ್ಲಿ ಕೇಳುತ್ತಿದ್ದೇನೆ. ಪುಟಕ್ಕೆ ಎರಡು ಅಂಕಣ, ಹಸಿರು ತಗಡಿನ ಪೆಟ್ಟಿಗೆ, ಸ್ಟೇಷನ್ನಿನಲ್ಲಿ ಒಂದು ಬಾದಾಮಿ ಮರ. ನಿಮ್ಮ ಮನೆಯ ಅಟ್ಟದಲ್ಲಿ ಈ ಧಾರಾವಾಹಿಯ ಕೊನೆಯ ಕಂತು ಇದ್ದರೆ, ಆ ಸಾಲುಗಳನ್ನು ಇದ್ದದ್ದು ಇದ್ದ ಹಾಗೆ ನೋಡಿ ಬರೆದು, ಈ ಪತ್ರಿಕೆಯ ಮೂಲಕ ಕಳಿಸಿ. ಕಾರ್ಡಿನಲ್ಲಿ ಬೇಡ, ಅದನ್ನು ಮೊದಲು ದೊಡ್ಡಪ್ಪ ಓದುತ್ತಾರೆ. ಲಕೋಟೆಯಲ್ಲಿಟ್ಟು, ಅಂಚಿಗೆ ಎಂಜಲು ಬೇಡ, ದಯವಿಟ್ಟು ನೀರು ಹಚ್ಚಿ ಅಂಟಿಸಿ.