ಟ್ರೆವರ್‌ಗೆ ಹಾಕದ ಗೆರೆ

ಇಂಗ್ಲೆಂಡಿನ ನಮ್ಮ ಡಾನ್‌ಕಾಸ್ಟರ್‌ನ ಈ ಕಡೆ ಬೆಳೆದ ಮಕ್ಕಳಲ್ಲಿ ಮ್ಯಾಕ್ಸೀನ್ ಆಂಟಿ ಗೊತ್ತಿಲ್ಲದವರು ಯಾರೂ ಇಲ್ಲ. ಶಾಲೆ ಮುಂದಿನ ತಿರುವಿನಲ್ಲಿ ಹಳದಿ ಕೋಟು ಹಾಕಿಕೊಂಡು, ಉದ್ದ ಕೋಲಿನ ದುಂಡು ಹಲಗೆ ಹಿಡಿದು, ವಾಹನ ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಆರಡಿ ನಾಲ್ಕಿಂಚು ಎತ್ತರ. ಆ ಯಮ್ಮನಿಗೆ ಹಲಗೆ ಯಾಕೆ, ಕೈ ಎತ್ತಿದರೆ ಲಾರಿ ನಿಲ್ಲುತ್ತೆ ಅಂತ ನಮ್ಮಪ್ಪ ಹೇಳುತ್ತಿದ್ದರು.

ನಾನಂತೂ ಐದನೇ ವಯಸ್ಸಿನಿಂದ ಅವರ ಅಭಿಮಾನಿ. ಹದಿನಾಲ್ಕಾಗುವಷ್ಟರಲ್ಲಿ ಅಪ್ಪನನ್ನೂ ಮೀರಿ ಬೆಳೆದೆ. ಕ್ಲಾಸಿನ ಹುಡುಗರು ದೀಪದ ಕಂಬ ಅಂತ ಕರೆಯೋಕೆ ಶುರು ಮಾಡಿದರು. ಒಂದು ದಿನ ಆಂಟಿ ನನ್ನನ್ನು ರಸ್ತೆ ಬದಿಯಲ್ಲೇ ಹಿಡಿದು ನಿಲ್ಲಿಸಿದರು.

"ಯಾಕೆ ಟೆಸ್, ಅಜ್ಜಿ ಥರ ಬಗ್ಗಿ ನಡೀತೀಯಾ?"

"ಎತ್ತರ ಕಾಣ್ಬಾರ್ದು ಅಂತ ಆಂಟಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು. ಶನಿವಾರ ನಮ್ಮ ಪಬ್‌ಗೆ ಬಾ, ಅಪ್ಪನ್ನೂ ಕರ್ಕೊಂಡ್ ಬಾ. ಅಲ್ಲಿ ನೀನೇ ಕುಳ್ಳಿ."

ಹಾಗೆ ನಾನು ಎತ್ತರದವರ ಸಂಘಕ್ಕೆ ಸೇರಿದ್ದು. ಪಬ್ಬಿನ ಹಿಂದಿನ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡ ಒಂದು ಬೆಂಚಿದೆ. ಹೊಸಬರು ಬಂದರೆ ಅದರ ಮೇಲೆ ಬೆನ್ನು ಗೋಡೆಗೆ ಒತ್ತಿ, ಕಾಲನ್ನು ಆರಾಮಾಗಿ ಚಾಚಿ ಕೂರಬೇಕು. ಹಿಮ್ಮಡಿ ಎಲ್ಲಿ ನಿಲ್ಲುತ್ತೋ ಅಲ್ಲಿ ನೆಲದ ಹಲಗೆ ಮೇಲೆ ಆಂಟಿ ಬಣ್ಣದ ಗೆರೆ ಎಳೆದು ಹೆಸರು ಬರೀತಾರೆ. ನಿಂತಾಗಿನ ಎತ್ತರ ನಮ್ಮಲ್ಲಿ ಯಾರೂ ಕೇಳಲ್ಲ. ಬಸ್ಸು, ಸಿನಿಮಾ, ವಿಮಾನ, ಎಲ್ಲ ಕಡೆ ಕೂತಾಗಲೇ ತಾನೇ ನಮ್ಮ ಪಾಡು.

ಆಂಟಿಗೆ ಎರಡು ಗೆರೆಗಳಿದ್ದವು. ಹಳೆಯದು ಸಂಘ ಶುರುವಾದಾಗಿನದು. ಹೊಸದು ಅದಕ್ಕಿಂತ ಒಂದು ಗೇಣು ಮುಂದೆ, ಬಲಗಾಲಿಗೆ ಮಾತ್ರ. ಟೆನೆರಿಫ್ ದ್ವೀಪದಿಂದ ರಜೆ ಮುಗಿಸಿ ವಾಪಸ್ ಬರುವಾಗ ವಿಮಾನದ ಇಕ್ಕಟ್ಟಾದ ಸೀಟಿನಲ್ಲಿ ಕಾಲು ಮಡಚಿ ಕೂತು, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ, ಆಸ್ಪತ್ರೆ ಸೇರಿದ್ದರು. ಆಮೇಲೆ ಅದೇ ಕಾಲಿನ ಮೊಣಕಾಲಿಗೆ ಆಪರೇಷನ್ ಆಯಿತು. ಈಗ ಅದು ಪೂರ್ತಿ ಮಡಚಲ್ಲ. ಕಾಲು ಚಾಚೋಕೆ ಜಾಗ ಇಲ್ಲದ ವಿಮಾನ ಹತ್ತಲೇಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಗೆರೆಯೇ ಇಲ್ಲದ ಒಬ್ಬರಿದ್ದರು, ಟ್ರೆವರ್ ಅಂಕಲ್. ಆಂಟಿ ಜೊತೆ ಸೇರಿ ಸಂಘ ಕಟ್ಟಿದವರು, ಆರಡಿ ಎಂಟಿಂಚು, ನಮ್ಮೆಲ್ಲರಿಗಿಂತ ಎತ್ತರ. ನಿಮ್ಮ ಗೆರೆ ಎಲ್ಲಿ ಅಂತ ನಾನು ಕೇಳಿದಾಗ ಅವರು ಬಿಯರ್ ಗ್ಲಾಸಿನೊಳಗೆ ನಕ್ಕರು. ಆಂಟಿಯೇ ಮಧ್ಯ ಬಾಯಿ ಹಾಕಿ, "ಅವನ ಗೆರೆ ಎಳೆದ್ರೆ ಪಬ್ಬಿಂದ ಆಚೆ ಹೋಗುತ್ತೆ ಕಣೇ, ಸುಮ್ನಿರು" ಅಂದರು.

ಮನೆಗೆ ಹೋಗುವಾಗ ಆಂಟಿ ನನಗೆ ಗುಟ್ಟಾಗಿ ನಿಜ ಹೇಳಿದರು. ಟ್ರೆವರ್‌ದು ಬರೀ ಬೆನ್ನು. ಎತ್ತರವೆಲ್ಲ ಸೊಂಟದಿಂದ ಮೇಲೆ, ಕಾಲು ನಮ್ಮಪ್ಪನಷ್ಟೇ. ಸಂಘದ ಮೊದಲ ದಿನ, ಜನ ನಗ್ತಾರೆ, ಹಾಕ್ಬೇಡ ಅಂತ ಅವರು ಬೇಡಿಕೊಂಡಿದ್ದರಂತೆ. ಅವತ್ತಿನಿಂದ ಆಂಟಿ ಆ ಮಾತು ಎತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಕೆನಡಾದಿಂದ ಆಂಟಿಯ ಅಕ್ಕ ಡೆನೀಸ್ ಫೋನ್ ಮಾಡಿದರು. ಅರವತ್ತು ದಾಟಿದ ಮೇಲೆ ಮದುವೆಯಾಗುತ್ತಿದ್ದರು, ಕ್ಯಾಲ್ಗರಿಯಲ್ಲಿ, ಸೆಪ್ಟೆಂಬರಿನಲ್ಲಿ.

"ಮದುವೆ ದಿನ ನನ್ನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗೋಕೆ ಅಪ್ಪ ಇಲ್ಲ. ನೀನೇ ಬರ್ಬೇಕು."

"ಬರ್ತೀನಿ ಕಣೇ. ಈ ಕಾಲನ್ನ ಇಲ್ಲೇ ಬಿಟ್ಟಾದ್ರೂ ಬರ್ತೀನಿ."

ತಮಾಷೆಗೆ ಅಂದರೂ ಹೋಗೋದು ಹೇಗೆ ಅನ್ನುವುದೇ ದೊಡ್ಡ ತಲೆನೋವಾಯಿತು. ಮುಂದಿನ ಭಾಗದ ದೊಡ್ಡ ಸೀಟು, ಮಕ್ಕಳನ್ನು ರಸ್ತೆ ದಾಟಿಸುವವರ ಸಂಬಳಕ್ಕೆ ಎಟುಕುವುದಲ್ಲ. ಅಷ್ಟರಲ್ಲಿ ಒಂದು ಏರ್‌ಲೈನ್‌ನವರು ಕೆನಡಾ ವಿಮಾನದ ಅಗ್ಗದ ಭಾಗದಲ್ಲೇ ಕಾಲಿಗೆ ಹೆಚ್ಚು ಜಾಗ ಇರುವ ಕೆಲವು ಸಾಲು ಹಾಕುತ್ತೇವೆ ಅಂದರು. ಅದಕ್ಕೆ ಅಡ್ಡ ಬಂದದ್ದು ತೆರಿಗೆ. ನಮ್ಮ ದೇಶದಲ್ಲಿ ವಿಮಾನ ಹತ್ತುವ ಪ್ರತಿಯೊಬ್ಬರಿಗೂ ಪ್ರಯಾಣದ ತೆರಿಗೆ ಇದೆ, ಅಗ್ಗದ ಸೀಟಿಗೆ ಕಮ್ಮಿ. ಆದರೆ ಒಂದು ಸೀಟಿಗೂ ಮುಂದಿನ ಸೀಟಿಗೂ ನಡುವೆ ನಲವತ್ತು ಇಂಚು ದಾಟಿತೋ, ಅದೇ ಅಗ್ಗದ ಸೀಟು ಸರ್ಕಾರದ ಕಣ್ಣಿಗೆ ಶ್ರೀಮಂತರ ಸೀಟು, ತೆರಿಗೆ ಹತ್ತಿರ ಹತ್ತಿರ ಎರಡರಷ್ಟು.

ಆಂಟಿ ಪಬ್ಬಿನಲ್ಲಿ ಟೇಪು ಬಿಚ್ಚಿ ನಲವತ್ತಕ್ಕೆ ಬೆರಳಿಟ್ಟು ಕೇಳಿದರು. "ಇಲ್ಲೀ ತನಕ ನಾನು ಬಡವಿ. ಇಲ್ಲಿಂದ ಆಚೆ ಕಾಲು ಚಾಚಿದ್ರೆ ಸಾಹುಕಾರ್ತಿ. ನನ್ನ ಮೊಣಕಾಲು ಯಾವಾಗ ಸಾಹುಕಾರ ಆಯ್ತು ಟ್ರೆವರ್?"

"ಕೇಳೋಣ ಬಿಡು. ನಾನಿದೀನಲ್ಲ" ಅಂದರು ಅಂಕಲ್.

ಸಂಘದವರೆಲ್ಲ ಸಹಿ ಹಾಕಿದೆವು. ಎತ್ತರದವರಿಗೆ, ಕಾಲು ಮಡಚಲಾಗದವರಿಗೆ ಈ ಹೆಚ್ಚಿನ ತೆರಿಗೆ ಬೇಡ ಅಂತ ಸಂಸತ್ತಿನಲ್ಲಿ ಕೇಳುತ್ತೇನೆ ಅಂತ ನಮ್ಮ ಎಂಪಿ ಒಪ್ಪಿಕೊಂಡರು. ಏರ್‌ಲೈನ್‌ನವರು ಮ್ಯಾಂಚೆಸ್ಟರಿನ ಒಂದು ಶೆಡ್ಡಿನಲ್ಲಿ ಎರಡು ಸಾಲು ಹಾಕಿಡುತ್ತೇವೆ, ಒಂದು ಮೂವತ್ತೊಂಬತ್ತು ಇಂಚಿನದು, ಒಂದು ನಲವತ್ಮೂರರದು, ನೀವು ಕೂತು ನೋಡಿ ಯಾವುದು ಬೇಕು ಹೇಳಿ, ದೊಡ್ಡದೇ ಬೇಕೆಂದರೆ ನಿಮ್ಮ ಪರವಾಗಿ ನಾವೂ ಮಾತಾಡುತ್ತೇವೆ ಅಂದರು. ನಾವು ಯಾವತ್ತು ಬರಬೇಕು ಅನ್ನುವ ಮಾತೆಲ್ಲ ಟ್ರೆವರ್ ಅಂಕಲ್ ಮೂಲಕವೇ. ಕೇಳಿದಾಗಲೆಲ್ಲ ಅವರು ಇನ್ನೂ ಕರೆದಿಲ್ಲ, ಇನ್ನೂ ಕರೆದಿಲ್ಲ ಅನ್ನುತ್ತಿದ್ದರು. ಆಂಟಿ ನನ್ನ ಜೊತೆ ಪೇಟೆಗೆ ಬಂದು ಮದುವೆಗೆ ನೀಲಿ ಹ್ಯಾಟು ತಗೊಂಡರು.

ಜೂನ್‌ನಲ್ಲಿ ಬಸ್ ಸ್ಟಾಪಿನಲ್ಲಿ ಜಾಹೀರಾತು ಬಂತು. ಟ್ರೆವರ್ ಅಂಕಲ್ ವಿಮಾನದ ಸೀಟಿನಲ್ಲಿ ಕೂತು ನಗುತ್ತಿದ್ದರು, ಮೊಣಕಾಲಿನ ಮುಂದೆ ಬೇಕಾದಷ್ಟು ಜಾಗ. ಕೆಳಗೆ, ಬ್ರಿಟನ್ನಿನ ಅತಿ ಎತ್ತರದವರೂ ಇಲ್ಲಿ ಆರಾಮ ಅಂತ ಬರೆದಿತ್ತು. ಸೀಟು ಮೂವತ್ತೊಂಬತ್ತು ಇಂಚಿನದು ಅಂತಲೂ ಇತ್ತು. ಅವರ ಪಕ್ಕದ ಸೀಟು ಖಾಲಿ.

ಆಂಟಿ ಏರ್‌ಲೈನ್‌ಗೆ ಫೋನ್ ಮಾಡಿದರು. ನಾನು ಅಲ್ಲೇ ಇದ್ದೆ. ಆ ಕಡೆಯ ಹುಡುಗಿ ಬಹಳ ಪ್ರೀತಿಯಿಂದ ಮಾತಾಡಿದಳು. "ಓ, ನೀವೇನಾ ಮ್ಯಾಕ್ಸೀನ್? ಈಗ ಕಾಲು ಹೇಗಿದೆ ಮೇಡಂ? ಸೀಟಲ್ಲಿ ಕೂತು ನೋಡೋಕೆ ಕರೆದಿದ್ವಲ್ಲ, ಅವತ್ತು ನಿಮಗೆ ಎದ್ದು ಓಡಾಡೋಕೂ ಆಗ್ತಿಲ್ಲ ಅಂತ ಟ್ರೆವರ್ ಅವರು ಹೇಳಿದ್ರು. ನಿಮ್ಮ ಸೀಟು ಕೊನೇ ತನಕ ಇಟ್ಟಿದ್ವಿ."

"ಪರ್ವಾಗಿಲ್ಲಮ್ಮ" ಅಂದು ಆಂಟಿ ಫೋನಿಟ್ಟರು. ಟೀ ಮಾಡಿಕೊಟ್ಟೆ, ಕುಡಿಯಲಿಲ್ಲ.

ಆ ಶನಿವಾರ ಟ್ರೆವರ್ ಅಂಕಲ್ ಪಬ್ಬಿಗೆ ಬಂದರು. ಯಾರೂ ಸರಿದು ಜಾಗ ಕೊಡಲಿಲ್ಲ.

"ನಲವತ್ಮೂರು ಅಂದಿದ್ರೆ ಅವರು ಸಾಲೇ ಹಾಕ್ತಿರ್ಲಿಲ್ಲ. ಡಬಲ್ ತೆರಿಗೆ ಕೊಟ್ಟು ಯಾರು ಬರ್ತಾರೆ ಹೇಳು?" ಅಂದರು. "ಏನೋ ಒಂದು ಸಿಕ್ತಲ್ಲ ನಮಗೆ."

"ನಮಗಾ, ನಿನಗಾ?" ಅಂದರು ಆಂಟಿ.

"ವರ್ಷಕ್ಕೊಂದು ಟಿಕೆಟ್ ಕೊಡ್ತೀವಿ ಅಂದ್ರು, ನಿಜ. ಅದಕ್ಕೋಸ್ಕರ ಅಲ್ಲ ಕಣೇ. ಆ ಶೆಡ್ಡಲ್ಲಿ ಜನ್ಮದಲ್ಲಿ ಮೊದಲನೇ ಸಲ ನನ್ನ ನೋಡಿ ಯಾರೂ ನಗ್ಲಿಲ್ಲ. ಎಲ್ಲಾ ಚಪ್ಪಾಳೆ ತಟ್ಟಿದ್ರು."

"ನಾನು ಚೆನ್ನಾಗೇ ಓಡಾಡ್ತಿದ್ನಲ್ಲೋ. ಸುಳ್ಳು ಯಾಕೆ ಹೇಳ್ದೆ?"

"ನೀನು ಬಂದು ಪಕ್ಕ ಕೂತಿದ್ರೆ..." ಅಂದರು ಅಂಕಲ್. ಆಂಟಿ ಪಕ್ಕದಲ್ಲಿ ಕೂತಿದ್ದರೆ ಯಾರ ಕಾಲು ಎಷ್ಟು ಅಂತ ಫೋಟೋದಲ್ಲೇ ಗೊತ್ತಾಗುತ್ತಿತ್ತು.

ಆಂಟಿ ಬಣ್ಣದ ಡಬ್ಬಿ ಮುಚ್ಚಳ ತೆಗೆದರು. "ಕೂತ್ಕೋ ಟ್ರೆವರ್. ಗೆರೆ ಹಾಕಿಸ್ಕೋ."

ಅಂಕಲ್ ಬೆಂಚನ್ನು ನೋಡಿದರು, ನಮ್ಮೆಲ್ಲರ ಮುಖ ನೋಡಿದರು, ಕೋಟು ತಗೊಂಡು ಹೊರಟುಹೋದರು. ಅವತ್ತೂ ಗುಟ್ಟನ್ನು ಆಂಟಿ ಬಾಯಿಬಿಟ್ಟು ಹೇಳಲಿಲ್ಲ. ಕುಂಚ ಒರೆಸಿ ಇಟ್ಟರು ಅಷ್ಟೇ.

ಆಮೇಲೆ ಎಂಪಿ ಕೈಬಿಟ್ಟರು. ನಿಮ್ಮಲ್ಲೇ ಎಲ್ಲರಿಗಿಂತ ಎತ್ತರದವರು ನಲವತ್ತರೊಳಗೆ ಆರಾಮಾಗಿ ಕೂರುವಾಗ ನಾನು ಯಾವ ಬಾಯಲ್ಲಿ ಕೇಳಲಿ ಅಂದರು. ಮೂವತ್ತೊಂಬತ್ತರ ಸಾಲೇ ಗಟ್ಟಿಯಾಯಿತು. ಆಂಟಿ ಟೇಪು ಹಿಡಿದು ಅಡುಗೆಮನೆ ಕುರ್ಚಿಗಳನ್ನು ಅಷ್ಟೇ ದೂರಕ್ಕೆ ಇಟ್ಟು ಕೂತು ನೋಡಿದರು. ಬಲಗಾಲು ಮುಂದಿನ ಕುರ್ಚಿಗೆ ಒತ್ತಿತು. ಒಂಬತ್ತು ಗಂಟೆ ಹಾಗೆ ಕೂರೋದಾ? ಡೆನೀಸ್‌ಗೆ ಫೋನ್ ಮಾಡಿ ಬರಲ್ಲ ಅಂದರು.

ಮದುವೆ ದಿನ ಶುಕ್ರವಾರ. ಸಂಜೆ ಫೋನಿನಲ್ಲಿ ಒಟ್ಟಿಗೆ ಕೂತು ನೋಡೋಣ ಅಂತ ಹೇಳೋಕೆ ಶಾಲೆ ಬಿಡುವ ಹೊತ್ತಿಗೆ ತಿರುವಿಗೆ ಹೋದೆ. ಆಂಟಿ ಹಳದಿ ಕೋಟಿನ ಮೇಲೆ ಆ ನೀಲಿ ಹ್ಯಾಟು ಹಾಕಿಕೊಂಡಿದ್ದರು. ಮಕ್ಕಳು, "ಮಿಸ್, ರಾಣಿ ಥರ ಇದೀರಾ" ಅಂತ ಕುಣಿಯುತ್ತಿದ್ದವು. ಹಲಗೆ ಎತ್ತಿ ರಸ್ತೆ ಮಧ್ಯಕ್ಕೆ ಹೋದರು. ಮೊದಲು ನಿಂತ ಕಾರು ಟ್ರೆವರ್ ಅಂಕಲ್‌ದು.

ಅಂಕಲ್ ಗಾಜು ಇಳಿಸಿದರು. "ಮ್ಯಾಕ್ಸೀನ್, ಇವತ್ತೇ ಅಲ್ವಾ ಮದುವೆ? ಒಂದ್ ನಿಮಿಷ ಮಾತಾಡು, ಮಾರಾಯ್ತಿ."

"ಮಕ್ಕಳು ದಾಟ್ತಿದಾರೆ."

ಮಕ್ಕಳು ದಾಟಿದರು. ಹಿಂದೆ ಉಳಿದಿದ್ದ ಪುಟ್ಟ ಹುಡುಗಿಯೂ ಬ್ಯಾಗು ಎಳೆದುಕೊಂಡು ದಾಟಿದಳು. ಹಿಂದಿನ ಕಾರಿನವರು ಹಾರ್ನ್ ಹೊಡೆದರು.

"ಎಲ್ಲಾ ದಾಟಾಯ್ತಲ್ಲೇ" ಅಂದರು ಅಂಕಲ್.

ಆಂಟಿ ಹಲಗೆ ಇಳಿಸಲಿಲ್ಲ. ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಖಾಲಿ ರಸ್ತೆಯ ನಡುವೆ ಆರಾಮಾಗಿ ನಿಂತೇ ಇದ್ದರು.